ಪೈ 4ರಲ್ಲಿ ಹಳೇ ಪೇಜ್‌ಮೇಕರ್, ನುಡಿ ಫೈಲ್‌ಗಳು: ಬಾಕ್ಸ್86 ಸಾಕೇ, ಕ್ಯೂಎಮು ಬೇಕೇ?

ಕರಡುತಿದ್ದಿ ಕೇಳಿದ್ದು:

ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 6.5 ಮತ್ತು 7.0ರಲ್ಲಿ ಕಟ್ಟಿದ ಪುಸ್ತಕಗಳ ಫೈಲ್‌ಗಳು ಒಂದು ಹಾರ್ಡ್‌ಡಿಸ್ಕ್ ತುಂಬ ಇವೆ. ಅಕ್ಷರವೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ, ಹೆಚ್ಚಿನವು ನುಡಿ 01 ಇ. ಪುಟದ ಅಳತೆ ಡೆಮಿ 1/8. ಜೊತೆಗೆ ಭಾರತೀಯ ಲಿಪಿ ತೋರಿಸುವ ಜಿಸ್ಟ್ ಕಾರ್ಡ್ ಹಾಕಿದ್ದ ಡಾಸ್ ಯಂತ್ರದಲ್ಲಿ ಟೈಪ್ ಆದ ಕೆಲವು ಫೈಲ್‌ಗಳೂ ಇವೆ.

ಕೈಯಲ್ಲಿರುವುದು ರಾಸ್‌ಬೆರಿ ಪೈ 4 (ಆರ್ಮ್ ಪ್ರೊಸೆಸರಿನ ಪುಟ್ಟ ಕಂಪ್ಯೂಟರ್), 4 ಜಿಬಿ ರ‍್ಯಾಮ್, 64-ಬಿಟ್ ರಾಸ್‌ಬೆರಿ ಪೈ ಓಎಸ್, 32 ಜಿಬಿ ಎಸ್‌ಡಿ ಕಾರ್ಡ್. ಪೇಜ್‌ಮೇಕರ್ 7, ವಿಂಡೋಸ್ 98 ಎಸ್‌ಇ, ವಿಂಡೋಸ್ 2000 ಮೂರರ ಸಿಡಿಗಳೂ ಲೈಸೆನ್ಸ್ ಸಮೇತ ಇವೆ.

ಆಗಬೇಕಾದ ಕೆಲಸ: ಪುಟ ಹಿಂದೆ ಹೇಗಿತ್ತೋ ಹಾಗೇ ಪಿಡಿಎಫ್ ಆಗಬೇಕು, ಅಪರೂಪಕ್ಕೆ ಒಂದೆರಡು ಪದ ತಿದ್ದುವಂತಿರಬೇಕು, ಪಠ್ಯ ಯೂನಿಕೋಡ್‌ಗೆ ಬರಬೇಕು. ಲಿನಕ್ಸಿನ ಪ್ಯಾಕೇಜ್ ಟೂಲ್ ಆಪ್ಟ್‌ನಿಂದ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ ತಂತ್ರಾಂಶ) ಹಾಕಿದರೆ "ಬ್ಯಾಡ್ ಇಎಕ್ಸ್‌ಇ ಫಾರ್ಮ್ಯಾಟ್" ಅನ್ನುತ್ತದೆ. ಇಡೀ ಪಿಸಿಯನ್ನೇ ಅನುಕರಿಸುವ ಕ್ಯೂಎಮುನಲ್ಲಿ ವಿಂಡೋಸ್ 98 ಏಳುತ್ತದೆ, ಆದರೆ ಸುಮ್ಮನೆ ಬಿಟ್ಟರೂ ಒಂದು ಕೋರ್ ಪೂರ್ತಿ ಓಡುತ್ತಲೇ ಇರುತ್ತದೆ. ಯಾವ ದಾರಿ ಹಿಡಿಯುವುದು?

ಹಾಳೆಹದ:

ಎಮ್ಯುಲೇಶನ್‌ಗೆ (ಬೇರೆ ಯಂತ್ರವನ್ನು ಅನುಕರಿಸಿ ಓಡಿಸುವುದಕ್ಕೆ) ಕೈ ಹಾಕುವ ಮೊದಲು ಲಿಬ್ರೆಆಫೀಸ್ ಡ್ರಾನಲ್ಲಿ ಫೈಲ್ ಎಳೆದು ನೋಡಿ. 4.4ನೇ ಆವೃತ್ತಿಯಿಂದ ಪೇಜ್‌ಮೇಕರ್ ಫೈಲ್ ಓದುವ ಸೌಲಭ್ಯ ಅದರಲ್ಲಿದೆ. ನುಡಿ ಫಾಂಟ್‌ಗಳನ್ನು ಹೋಮ್ ಫೋಲ್ಡರಿನ ಡಾಟ್‌ಲೋಕಲ್, ಶೇರ್, ಫಾಂಟ್ಸ್ ಒಳಗೆ ಹಾಕಿ ಎಫ್‌ಸಿ-ಕ್ಯಾಶ್ ಓಡಿಸಿ, ಆಮೇಲೆ ತೆರೆಯಿರಿ. ಪಠ್ಯದ ಚೌಕಟ್ಟು, ಗೆರೆ, ಪೆಟ್ಟಿಗೆ ಬರುತ್ತವೆ. ಸಾಲು ಮುರಿಯುವ ಜಾಗ, ಅಕ್ಷರಗಳ ನಡುವಿನ ಅಂತರ, ಲಿಂಕ್ ಮಾಡಿಟ್ಟ ಚಿತ್ರ ಇವನ್ನು ನಂಬುವ ಹಾಗಿಲ್ಲ. ಅಚ್ಚಿಗೆ ಕೊಡುವ ಪಿಡಿಎಫ್ ಇದರಿಂದ ಬರದು. ಯಾವ ಫೈಲಿನಲ್ಲಿ ಏನಿದೆ, ಯಾವುದು ಕೆಟ್ಟಿದೆ ಅಂತ ವಿಂಗಡಿಸಲಿಕ್ಕೆ ಮಾತ್ರ ಇದು ತುಂಬ ಅನುಕೂಲ.

ಸೆಕ್ಟರ್63:

ವೈನ್ ಎಮ್ಯುಲೇಟರ್ ಅಲ್ಲ. ವಿಂಡೋಸ್ ಕೇಳುವ ಕೆಲಸಗಳನ್ನು ಲಿನಕ್ಸಿನಿಂದ ಮಾಡಿಸಿಕೊಡುತ್ತದೆ ಅಷ್ಟೇ, ಪ್ರೊಸೆಸರಿನ ಸೂಚನೆಗಳನ್ನು ಬದಲಿಸುವುದಿಲ್ಲ. ಆಪ್ಟ್‌ನಿಂದ ಬಂದದ್ದು ಆರ್ಮ್‌ಗೆ ಕಟ್ಟಿದ ವೈನ್, ನಿಮ್ಮ ಇಎಕ್ಸ್‌ಇ ಇಂಟೆಲ್ಲಿನದು. ಅದಕ್ಕೇ ಆ ದೂರು. ಆ ವೈನ್ ತೆಗೆದುಹಾಕಿ.

ಬೇಕಿರುವುದು ಬಾಕ್ಸ್86 (ಇಂಟೆಲ್ ಸೂಚನೆಗಳನ್ನು ಆರ್ಮ್‌ಗೆ ಅನುವಾದಿಸುತ್ತದೆ) ಮತ್ತು ಐ386ಗೆ, ಅಂದರೆ 32-ಬಿಟ್ ಇಂಟೆಲ್‌ಗೆ, ಕಟ್ಟಿದ ವೈನ್. ಬಾಕ್ಸ್86 ಸ್ವತಃ 32-ಬಿಟ್ ಆರ್ಮ್ ಪ್ರೋಗ್ರಾಂ. 64-ಬಿಟ್ ಓಎಸ್‌ನಲ್ಲಿ ಅದು ಓಡಬೇಕಾದರೆ ಮೊದಲು ಡಿಪಿಕೆಜಿಗೆ (ಪ್ಯಾಕೇಜ್ ವ್ಯವಸ್ಥೆಗೆ) ಆರ್ಮ್‌ಎಚ್‌ಎಫ್, ಅಂದರೆ 32-ಬಿಟ್ ಆರ್ಮ್, ಆರ್ಕಿಟೆಕ್ಚರ್ ಸೇರಿಸಿ, ಆಪ್ಟ್ ಅಪ್‌ಡೇಟ್ ಕೊಟ್ಟು, ಲಿಬ್‌ಸಿ6, ಲಿಬ್‌ಎಕ್ಸ್11-6, ಲಿಬ್‌ಫ್ರೀಟೈಪ್6, ಲಿಬ್‌ಫಾಂಟ್‌ಕಾನ್ಫಿಗ್1, ಲಿಬ್‌ಕಪ್ಸ್2 ಇಷ್ಟನ್ನೂ ಆರ್ಮ್‌ಎಚ್‌ಎಫ್ ಬಾಲ ಹಚ್ಚಿ ಇನ್‌ಸ್ಟಾಲ್ ಮಾಡಬೇಕು. ಲಿಬ್‌ಫ್ರೀಟೈಪ್ ಬಿಟ್ಟುಹೋದರೆ ವೈನ್ ತೆರೆದುಕೊಳ್ಳುತ್ತದೆ, ಅಕ್ಷರ ಮಾತ್ರ ಒಂದೂ ಸರಿಯಾಗಿ ಕಾಣದು. ಲಿಬ್‌ಕಪ್ಸ್ ಬಿಟ್ಟರೆ ಪ್ರಿಂಟರ್ ಸಿಗದು, ಮತ್ತು ಪೇಜ್‌ಮೇಕರ್‌ಗೆ ಪ್ರಿಂಟರ್ ಇಲ್ಲದೆ ನಡೆಯುವುದೇ ಇಲ್ಲ. ಬಾಕ್ಸ್86 ಅನ್ನು ಸೋರ್ಸ್‌ನಿಂದ ಕಟ್ಟುವುದಾದರೆ ಸಿಮೇಕ್‌ಗೆ ಆರ್‌ಪಿಐ4ಆರ್ಮ್64=1 ಅಂತ ಕೊಡಿ. ಮುಗಿದ ಮೇಲೆ ಸಿಸ್ಟಮ್‌ಡಿ-ಬಿನ್‌ಎಫ್‌ಎಂಟಿ ರೀಸ್ಟಾರ್ಟ್ ಮಾಡಿದರೆ ಇಂಟೆಲ್ ಫೈಲ್‌ಗಳನ್ನು ನೇರವಾಗಿ ಕರೆಯಬಹುದು.

ಪೈ 5 ಇರುವವರು ಗಮನಿಸಿ: ಅದರ ಡೀಫಾಲ್ಟ್ ಕರ್ನಲ್ 16 ಕೆಬಿ ಪುಟದ ಮೆಮೊರಿ ಬಳಸುತ್ತದೆ, ಬಾಕ್ಸ್86ಗೂ ವೈನ್‌ಗೂ 4 ಕೆಬಿಯೇ ಬೇಕು. ಬೂಟ್‌ನ ಫರ್ಮ್‌ವೇರ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಕರ್ನಲ್=ಕರ್ನಲ್8 ಡಾಟ್ ಐಎಂಜಿ ಅಂತ ಒಂದು ಸಾಲು ಸೇರಿಸಿ ರೀಬೂಟ್ ಮಾಡಿ. ಗೆಟ್‌ಕಾನ್ಫ್ ಪೇಜ್‌ಸೈಜ್ ಕೊಟ್ಟರೆ 4096 ಬರಬೇಕು. ಪೈ 4ರಲ್ಲಿ ಈ ತಾಪತ್ರಯವಿಲ್ಲ.

ವೈನ್ ಪ್ರಿಫಿಕ್ಸ್ (ವೈನ್ ತನ್ನ ವಿಂಡೋಸ್ ಫೈಲ್‌ಗಳನ್ನು ಇಡುವ ಫೋಲ್ಡರ್) ಹುಟ್ಟಿಸುವಾಗ ವೈನ್‌ಆರ್ಚ್=ವಿನ್32 ಕೊಡಿ. ಇನ್‌ಸ್ಟಾಲರ್ ಮೇಲೆ ಒಮ್ಮೆ ಫೈಲ್ ಕಮಾಂಡ್ ಓಡಿಸಿ. "ಪಿಇ32" ಅಂತ ಬಂದರೆ ಮುಂದುವರಿಯಿರಿ. "ಎನ್‌ಇ" ಅಂತ ಬಂದರೆ ಅದು 16-ಬಿಟ್. ಒಳಗಿನ ಪ್ರೋಗ್ರಾಂ 32-ಬಿಟ್ ಆಗಿದ್ದರೂ ಆ ಕಾಲದ ಎಷ್ಟೋ ಪ್ಯಾಕೇಜ್‌ಗಳ ಸೆಟಪ್ ಮಾತ್ರ 16-ಬಿಟ್ ಇರುತ್ತಿತ್ತು, ಅದು ಈ ದಾರಿಯಲ್ಲಿ ಓಡದು. ಇನ್‌ಸ್ಟಾಲ್‌ಶೀಲ್ಡ್ ಕ್ಯಾಬ್ ಇದ್ದರೆ ಅನ್‌ಶೀಲ್ಡ್ ಟೂಲಿನಿಂದ ಬಿಚ್ಚಬಹುದು, ಆದರೆ ರಿಜಿಸ್ಟ್ರಿಯ ನಮೂದುಗಳು ಬರುವುದಿಲ್ಲ.

ಪ್ರೋಗ್ರಾಂ ನಡುವೆ ನಿಂತುಬಿಟ್ಟರೆ ಬಾಕ್ಸ್86_ಡೈನಾರೆಕ್_ಸ್ಟ್ರಾಂಗ್‌ಮೆಮ್=1 ಹಾಕಿ ನೋಡಿ. ಇಂಟೆಲ್ ಪ್ರೊಸೆಸರ್ ಮೆಮೊರಿಗೆ ಬರೆದದ್ದು ಬರೆದ ಕ್ರಮದಲ್ಲೇ ಉಳಿದ ಥ್ರೆಡ್‌ಗಳಿಗೆ ಕಾಣುತ್ತದೆ, ಆರ್ಮ್‌ನಲ್ಲಿ ಆ ಕಟ್ಟುನಿಟ್ಟು ಇಲ್ಲ. ಒಂದಕ್ಕಿಂತ ಹೆಚ್ಚು ಥ್ರೆಡ್ ಇರುವ ಪ್ರೋಗ್ರಾಂಗಳು ಇಲ್ಲಿ ಎಡವುತ್ತವೆ. ಸ್ವಲ್ಪ ನಿಧಾನವಾಗುತ್ತದೆ, ಪುಟ ಕಟ್ಟುವ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಅರ್ಕಾವತ್ತು:

ಮೇಲಿನದಕ್ಕೆ ಒಂದು ಸೇರ್ಪಡೆ, ಕನ್ನಡದವರು ತಪ್ಪದೆ ಎಡವುವ ಜಾಗ ಇದು. ಪೈನ ಲೊಕೇಲ್ (ಭಾಷೆ-ದೇಶದ ಸೆಟ್ಟಿಂಗ್) ಕೆಎನ್-ಐಎನ್ ಇಟ್ಟುಕೊಂಡು ವೈನ್ ಓಡಿಸಬೇಡಿ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಅನ್ನುವ ಪಟ್ಟಿ) ಅಂತ ಒಂದು ಇಲ್ಲವೇ ಇಲ್ಲ, ಅದು ಯೂನಿಕೋಡ್ ಮಾತ್ರದ ಲೊಕೇಲ್. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ನುಡಿ ಫಾಂಟ್ ಅಕ್ಷರದ ತುಣುಕುಗಳನ್ನು ಲ್ಯಾಟಿನ್ ಜಾಗದಲ್ಲಿ, ಅಂದರೆ ಕೋಡ್‌ಪೇಜ್ 1252ರ ಮನೆಗಳಲ್ಲಿ ಕೂರಿಸಿದೆ. ಕೋಡ್‌ಪೇಜ್ ಬೇರೆ ಆದರೆ 128ರ ಮೇಲಿನ ಬೈಟ್‌ಗಳೆಲ್ಲ ದಿಕ್ಕೆಟ್ಟು, ಪರದೆಯ ಮೇಲೆ ಅರ್ಧ ಅಕ್ಷರ, ಅರ್ಧ ಪ್ರಶ್ನಾರ್ಥಕ ಚಿಹ್ನೆ. ಎಲ್‌ಸಿ_ಆಲ್ ಅನ್ನು ಇಎನ್-ಜಿಬಿ ಅಥವಾ ಇಎನ್-ಯುಎಸ್, ಯುಟಿಎಫ್-8 ಕೊಟ್ಟು ಓಡಿಸಿ. ಎರಡರಲ್ಲೂ ವೈನ್ 1252 ಹಿಡಿಯುತ್ತದೆ. ಇಎನ್-ಯುಎಸ್ ಬೇಕೆಂದರೆ ಮೊದಲು ಲೊಕೇಲ್ಸ್ ಪ್ಯಾಕೇಜ್ ರೀಕಾನ್ಫಿಗರ್ ಮಾಡಿ ಅದನ್ನು ಹುಟ್ಟಿಸಿಕೊಳ್ಳಿ.

ಫಾಂಟ್‌ಗಳು ವೈನ್ ಪ್ರಿಫಿಕ್ಸ್‌ನ ವಿಂಡೋಸ್, ಫಾಂಟ್ಸ್ ಫೋಲ್ಡರಿಗೆ ಹೋಗಬೇಕು. ಒಂದು ಫಾಂಟ್ ಸಿಗದಿದ್ದರೂ ಪೇಜ್‌ಮೇಕರ್ ಪ್ಯಾನೋಸ್ (ಫಾಂಟ್ ಹೋಲಿಕೆಯ) ಪಟ್ಟಿ ತೋರಿಸಿ ಬದಲಿ ಕೇಳುತ್ತದೆ. ಅಲ್ಲಿ "ಟೆಂಪರರಿ" ಮಾತ್ರ ಒತ್ತಿ. "ಪರ್ಮನೆಂಟ್" ಒತ್ತಿ ಸೇವ್ ಮಾಡಿದರೆ ಮೂಲ ಫಾಂಟಿನ ಹೆಸರೇ ಫೈಲಿನಿಂದ ಅಳಿಸಿಹೋಗುತ್ತದೆ. ಆಮೇಲೆ ಯಾವ ಸಾಲು ಇಂಗ್ಲಿಷ್, ಯಾವುದು ನುಡಿ ಅಂತ ಹೇಳುವ ಸಾಕ್ಷಿ ಉಳಿಯದು.

ಬಿಸಿಚಿಪ್ಪು:

ಪುಟ ತೆರೆದು ಪಿಡಿಎಫ್ ಮಾಡಲಿಕ್ಕೆ ಬಾಕ್ಸ್86 ಸರಿ. ತಿದ್ದಲು? ಸಾಲದು. ನುಡಿಯ ಕೀಲಿಮಣೆ ಎಂಜಿನ್ ವಿಂಡೋಸಿನ ಕೀ ಹುಕ್ (ಒತ್ತಿದ ಕೀಲಿಯನ್ನು ನಡುವೆ ಹಿಡಿಯುವ ಸೌಲಭ್ಯ) ಮೇಲೆ ನಿಂತಿದೆ, ವೈನ್ ಒಳಗೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಲಿನಕ್ಸ್ ಕಡೆಯ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಇದೆ ನಿಜ, ಆದರೆ ಅದು ಕೊಡುವುದು ಯೂನಿಕೋಡ್. ಪೇಜ್‌ಮೇಕರ್‌ಗೆ ಅದು ಅನ್ಯಭಾಷೆ. ತಿದ್ದುಪಡಿ ಬೇಕೆಂದರೆ ಪೂರ್ತಿ ವಿಂಡೋಸ್ ಎಮ್ಯುಲೇಟ್ ಮಾಡಲೇಬೇಕು.

ವಿಂಡೋಸ್ 98 ಬಿಡಿ, ವಿಂಡೋಸ್ 2000 ಹಾಕಿ. 98 ಕೆಲಸವಿಲ್ಲದಾಗ ಪ್ರೊಸೆಸರನ್ನು ಎಚ್‌ಎಲ್‌ಟಿ ಸೂಚನೆಯಿಂದ ಮಲಗಿಸದೆ ಸುಮ್ಮನೆ ಸುತ್ತುತ್ತಿರುತ್ತದೆ. ಕ್ಯೂಎಮುಗೆ ಅದು ನಿಜವಾದ ಕೆಲಸದ ಹಾಗೇ ಕಾಣುವುದರಿಂದ ಪೈನ ಒಂದು ಕೋರ್ ಸದಾ ಉರಿಯುತ್ತದೆ. ನಿಮ್ಮ ಲಕ್ಷಣ ಅದೇ. 2000 ಮಲಗಿಸುತ್ತದೆ. ಮೌಸ್ ವಿಷಯದಲ್ಲೂ ಇದೇ ಮೇಲು: ಯುಎಸ್‌ಬಿ-ಟ್ಯಾಬ್ಲೆಟ್ ಕೊಟ್ಟರೆ 2000 ತನ್ನದೇ ಡ್ರೈವರ್‌ನಿಂದ ಹಿಡಿದುಕೊಳ್ಳುತ್ತದೆ, ಬಾಣ ಜಾರುವುದಿಲ್ಲ.

ನನ್ನ ಶಿಫಾರಸು ಹೀಗೆ. ಕ್ಯೂಎಮು-ಸಿಸ್ಟಮ್-ಐ386, ಮೆಷೀನ್ ಪಿಸಿ, ರ‍್ಯಾಮ್ 256 ಎಂಬಿ, ವಿಜಿಎ ಸಿರಸ್, ನೆಟ್‌ವರ್ಕ್ ಆರ್‌ಟಿಎಲ್8139, ಗಡಿಯಾರ ಲೋಕಲ್‌ಟೈಮ್. ಸಿರಸ್‌ಗೂ ಆರ್‌ಟಿಎಲ್8139ಗೂ ಡ್ರೈವರ್ 2000ದ ಸಿಡಿಯಲ್ಲೇ ಇದೆ, 1024×768, 16-ಬಿಟ್ ಬಣ್ಣ ಸಿಗುತ್ತದೆ.  ಇನ್‌ಸ್ಟಾಲ್ ಮಾಡುವಾಗ ಮಾತ್ರ ವಿನ್2ಕೆ ಇನ್‌ಸ್ಟಾಲ್ ಹ್ಯಾಕ್ ಆಯ್ಕೆ ಹಾಕಿ. ಇಲ್ಲದಿದ್ದರೆ ಡಿಸ್ಕ್ ಖಾಲಿ ಇದ್ದರೂ ತುಂಬಿದೆ ಅಂತ ಸೆಟಪ್ ನಿಂತುಬಿಡುತ್ತದೆ. ಮುಗಿದ ಮೇಲೆ ತೆಗೆಯಿರಿ, ಡಿಸ್ಕ್ ವೇಗ ಅದರಿಂದ ಕುಗ್ಗುತ್ತದೆ.

ಕೆವಿಎಂ (ಅತಿಥಿ ಓಎಸ್ ಅನ್ನು ಅನುವಾದವಿಲ್ಲದೆ ನೇರ ಪ್ರೊಸೆಸರಿನ ಮೇಲೆ ಓಡಿಸುವ ಸೌಲಭ್ಯ) ಹಾಕಿದರೆ ವೇಗ ಬರುತ್ತದೆ ಅನ್ನುವ ಸಲಹೆ ಕಂಡರೆ ದಾಟಿ ಮುಂದೆ ಹೋಗಿ. ಪೈನಲ್ಲಿ ಕೆವಿಎಂ ಇದೆ, ಆದರೆ ಆರ್ಮ್ ಅತಿಥಿಗಳಿಗೆ ಮಾತ್ರ. ಇಂಟೆಲ್ ಕೋಡನ್ನು ಅನುವಾದಿಸಿಯೇ ಓಡಿಸಬೇಕು.

ಸಿ ಡ್ರೈವ್ 4 ಜಿಬಿಯ ಕ್ಯೂಕೌ2 (ಕ್ಯೂಎಮುವಿನ ಡಿಸ್ಕ್ ಫೈಲ್) ಇಮೇಜ್ ಮಾಡಿ, ಪೇಜ್‌ಮೇಕರ್ ಮತ್ತು ನುಡಿ ಹಾಕಿದ ಮೇಲೆ ವಿಂಡೋಸ್ ಮುಚ್ಚಿ ಸ್ನ್ಯಾಪ್‌ಶಾಟ್ ತೆಗೆದಿಡಿ. ಫೈಲ್ ಸಾಗಿಸಲು ಡಿ ಡ್ರೈವ್ ಅಂತ 512 ಎಂಬಿಯ ರಾ ಇಮೇಜ್ ಸಾಕು, ವಿಂಡೋಸಿನಿಂದಲೇ ಫ್ಯಾಟ್ ಫಾರ್ಮ್ಯಾಟ್ ಮಾಡಿ. ಆ ಕಾಲದ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗುತ್ತದೆ. 63 × 512 = 32256. ಪೈನಲ್ಲಿ ಲೂಪ್ ಮೌಂಟ್ ಮಾಡುವಾಗ ಆಫ್‌ಸೆಟ್ ಅಷ್ಟೇ ಕೊಡಿ. (ಮೇಲೆ ಉತ್ತರಿಸಿದ ಸೆಕ್ಟರ್63 ಅವರ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.) ವಿಂಡೋಸ್ ಓಡುತ್ತಿರುವಾಗ ಮೌಂಟ್ ಮಾಡಿದರೆ ಎರಡೂ ಕಡೆ ಬೇರೆ ಬೇರೆ ಫ್ಯಾಟ್ ಕೋಷ್ಟಕ ನೆನಪಿಟ್ಟುಕೊಂಡು ಬರೆಯುತ್ತವೆ, ಫೈಲ್‌ಗಳು ಒಂದರೊಳಗೊಂದು ಸೇರಿಹೋಗುತ್ತವೆ. ಸಾಂಬಾ (ವಿಂಡೋಸ್ ಜೊತೆ ಫೈಲ್ ಹಂಚುವ ತಂತ್ರಾಂಶ) ಮೂಲಕ ಹಂಚಲು ಹೋದರೆ ಸರ್ವರ್‌ನ ಕನಿಷ್ಠ ಪ್ರೋಟೋಕಾಲ್ ಎನ್‌ಟಿ1ಕ್ಕೆ ಇಳಿಸಬೇಕಾಗುತ್ತದೆ, ಈ ಕೆಲಸಕ್ಕಾಗಿ ಅಷ್ಟು ಹಳೆಯ ಬಾಗಿಲು ತೆಗೆದಿಡುವುದು ಬೇಡ.

ಇಮೇಜ್‌ಗಳನ್ನು ಎಸ್‌ಡಿ ಕಾರ್ಡ್ ಮೇಲೆ ಇಡಬೇಡಿ. ವಿಂಡೋಸಿನ ಪೇಜ್‌ಫೈಲ್ ಸಣ್ಣ ಸಣ್ಣ ತುಂಡು ಬರೆಯುತ್ತಲೇ ಇರುತ್ತದೆ, ಕಾರ್ಡ್ ಬೇಗ ಸವೆಯುತ್ತದೆ, ನಿಧಾನವೂ ಹೌದು. ನೀಲಿ ಯುಎಸ್‌ಬಿ 3 ಪೋರ್ಟಿಗೆ ಒಂದು ಎಸ್‌ಎಸ್‌ಡಿ ಹಾಕಿ. ಪವರ್ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರೇ ಇರಲಿ, ಮೊಬೈಲ್ ಚಾರ್ಜರ್ ಬೇಡ. ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್ ಕೊಟ್ಟಾಗ 0ಎಕ್ಸ್0 ಬಂದರೆ ಕ್ಷೇಮ. 0ಎಕ್ಸ್50000 ಬಂದರೆ ಹಿಂದೆ ಯಾವಾಗಲೋ ವೋಲ್ಟೇಜ್ ಬಿದ್ದು ವೇಗ ಇಳಿದಿತ್ತು ಅಂತ ಅರ್ಥ, 0ಎಕ್ಸ್50005 ಬಂದರೆ ಈಗಲೂ ಹಾಗೇ ಆಗುತ್ತಿದೆ ಅಂತ. 80 ಡಿಗ್ರಿ ದಾಟಿದರೆ ಪೈ 4 ತಾನೇ ವೇಗ ತಗ್ಗಿಸುತ್ತದೆ, ಆದ್ದರಿಂದ ಹೀಟ್‌ಸಿಂಕ್ ಜೊತೆ ಸಣ್ಣ ಫ್ಯಾನ್ ಇರಲಿ.

86ಬಾಕ್ಸ್ (ಬಾಕ್ಸ್86 ಅಲ್ಲ, ಬೇರೊಂದು ಪಿಸಿ ಎಮ್ಯುಲೇಟರ್) ಬಗ್ಗೆ ಯಾರಾದರೂ ಹೇಳಬಹುದು. ಹಳೇ ಯಂತ್ರದ ನಕಲು ಅದರಲ್ಲಿ ಬಹಳ ನಿಖರ, ಆ ನಿಖರತೆಯ ಬೆಲೆ ವೇಗ. ಅದರ ಕಿಟಕಿಯ ಶೀರ್ಷಿಕೆಯಲ್ಲಿ ಶೇಕಡಾ ವೇಗ ಕಾಣುತ್ತದೆ. 100ಕ್ಕಿಂತ ಕೆಳಗೆ ಇಳಿದರೆ ಸಿಪಿಯು ಆಯ್ಕೆಯನ್ನು ಒಂದು ಮೆಟ್ಟಿಲು ಇಳಿಸಬೇಕು. ಪೈ 4ರಲ್ಲಿ 486 ಮಟ್ಟದಾಚೆ ಪೇಜ್‌ಮೇಕರ್ 7ಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಕರಡುತಿದ್ದಿ:

ಎಲ್ಲರಿಗೂ ಧನ್ಯವಾದ. 2000 ಎದ್ದಿದೆ, ಪುಟವೂ ತೆರೆಯುತ್ತದೆ. ಆದರೆ ಅಚ್ಚಾದ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಕೆಲವು ಪುಟಗಳಲ್ಲಿ ಕೊನೆಯ ಸಾಲು ಮುಂದಿನ ಪುಟಕ್ಕೆ ಹೊರಳಿದೆ. ಫಾಂಟ್ ಅದೇ. ಇನ್ನೊಂದು ಟೈಪಿಂಗ್ ಪ್ಯಾಕೇಜ್‌ಗೆ ಪ್ಯಾರಲಲ್ ಪೋರ್ಟ್ ಡಾಂಗಲ್ (ಲೈಸೆನ್ಸ್ ಇದೆ ಅಂತ ತೋರಿಸುವ ಸಾಧನ) ಇದೆ, ಯುಎಸ್‌ಬಿ ಕನ್ವರ್ಟರ್ ಹಾಕಿದರೆ ನಡೆಯುತ್ತದೆಯೇ?

ಹಾಳೆಹದ:

ಸಾಲು ಹೊರಳುವುದು ಪ್ರಿಂಟರಿನಿಂದ. ಪೇಜ್‌ಮೇಕರ್ ಅಕ್ಷರದ ಅಗಲವನ್ನು ಗುರಿ ಪ್ರಿಂಟರಿನ ಲೆಕ್ಕದಲ್ಲಿ ಅಳೆಯುತ್ತದೆ. ಡಾಕ್ಯುಮೆಂಟ್ ಸೆಟಪ್‌ನಲ್ಲಿ "ಕಂಪೋಸ್ ಟು ಪ್ರಿಂಟರ್" ಅಂತ ಇರುತ್ತದೆ ನೋಡಿ. ಮೂಲದಲ್ಲಿ ಪೋಸ್ಟ್‌ಸ್ಕ್ರಿಪ್ಟ್ (ಪುಟ ವರ್ಣಿಸುವ ಭಾಷೆ) ಪ್ರಿಂಟರ್ ಇದ್ದು ಈಗ ಬೇರೆ ಇದ್ದರೆ, ತೆರೆಯುವಾಗ ಮತ್ತೆ ಕಂಪೋಸ್ ಮಾಡಲೇ ಅಂತ ಕೇಳುತ್ತದೆ. ಬೇಡ ಅನ್ನಿ. 2000ದಲ್ಲಿ ಒಂದು ಕಲರ್ ಪೋಸ್ಟ್‌ಸ್ಕ್ರಿಪ್ಟ್ ಲೇಸರ್ ಡ್ರೈವರ್ ಹಾಕಿ, ಪೋರ್ಟ್ "ಫೈಲ್" ಕೊಡಿ, ಮೂಲದಲ್ಲಿದ್ದ ರೆಸಲ್ಯೂಶನ್ ಗೊತ್ತಿದ್ದರೆ ಅದನ್ನೇ ಇಡಿ. ಆಮೇಲೆ ಮೂಲ ಪ್ರತಿಯ ಒಂದು ಕಾಪಿ ತೆಗೆದು ತೆರೆಯಿರಿ. ಫಾಂಟಿನ ಹೆಸರು ಅದೇ ಇದ್ದರೂ ಟಿಟಿಎಫ್ ಫೈಲಿನ ಗಾತ್ರ ಮತ್ತು ದಿನಾಂಕ ಹೋಲಿಸಿ. ಒಂದೇ ಹೆಸರಿನ ಎರಡು ಬಿಡುಗಡೆಗಳಲ್ಲಿ ಒಂದು ಒತ್ತಕ್ಷರದ ಅಗಲ ಬದಲಾಗಿದ್ದರೂ ಸಾಕು, ಪ್ಯಾರಾ ಪೂರ್ತಿ ಸರಿಯುತ್ತದೆ.

ಡೆಮಿ 1/8 ಅಂದರೆ 5.5 × 8.5 ಇಂಚು. ಕ್ರಾಪ್ ಮಾರ್ಕ್ ಬೇಕೆಂದರೆ ಪ್ರಿಂಟ್ ಪೆಟ್ಟಿಗೆಯಲ್ಲಿ ಹಾಳೆ ಎ4 ಇರಲಿ. ಹಾಳೆಯೂ ಡೆಮಿ ಇಟ್ಟರೆ ಗುರುತುಗಳಿಗೆ ಜಾಗವೇ ಇರದು. ಬಂದ ಪಿಎಸ್ ಫೈಲನ್ನು ಡಿ ಡ್ರೈವ್‌ನಿಂದ ಹೊರಗೆ ತಂದು ಪೈನಲ್ಲೇ ಪಿಎಸ್2ಪಿಡಿಎಫ್ ಓಡಿಸಿ. ಪಿಡಿಎಫ್ ಮಾಡುವ ಅಡೋಬಿಯ ಡಿಸ್ಟಿಲ್ಲರನ್ನು ಎಮ್ಯುಲೇಟರ್ ಒಳಗೆ ಓಡಿಸುವುದಕ್ಕಿಂತ ಇದು ಎಷ್ಟೋ ಬೇಗ, ಪಿಎಸ್2ಪಿಡಿಎಫ್ ಬಳಸುವ ಘೋಸ್ಟ್‌ಸ್ಕ್ರಿಪ್ಟ್ ಪೈನ ಸ್ವಂತ ವೇಗದಲ್ಲಿ ಓಡುತ್ತದಲ್ಲ. ಕೊನೆಗೆ ಪಿಡಿಎಫ್‌ಫಾಂಟ್ಸ್ ಕಮಾಂಡಿನಿಂದ ಎಲ್ಲ ಫಾಂಟ್ ಎಂಬೆಡ್ ಆಗಿವೆಯೇ ನೋಡಿಕೊಳ್ಳಿ.

ಪ್ಯಾರಲಲ್ ಡಾಂಗಲ್ ಆಸೆ ಬಿಡಿ. ಆ ಕನ್ವರ್ಟರ್‌ಗಳು ಪ್ರಿಂಟರ್ ಅಂತ ಮಾತ್ರ ಗುರುತಾಗುತ್ತವೆ. ಡಾಂಗಲ್ ನೋಡುವ ಪ್ರೋಗ್ರಾಂ 378 ಹೆಕ್ಸ್ ವಿಳಾಸದ ಪೋರ್ಟಿನ ತಂತಿಗಳನ್ನು ನೇರ ಅಲ್ಲಾಡಿಸುತ್ತದೆ, ಅದು ಅಲ್ಲಿ ಇಲ್ಲ. ಯುಎಸ್‌ಬಿ ಡಾಂಗಲ್ ಆಗಿದ್ದರೆ ಕ್ಯೂಎಮುವಿನ ಯುಎಸ್‌ಬಿ-ಹೋಸ್ಟ್ ಮೂಲಕ ದಾಟಿಸಬಹುದು, 2000ಕ್ಕೆ ಡ್ರೈವರ್ ಇರಬೇಕು ಅಷ್ಟೇ.

ಅರ್ಕಾವತ್ತು:

ಇನ್ನು ಯೂನಿಕೋಡ್. ಪಿಡಿಎಫ್‌ನಿಂದ ಕಾಪಿ ಮಾಡಬೇಡಿ, ಸಾಲಿನ ಕೊನೆಗಳೆಲ್ಲ ಮುರಿದು ಬರುತ್ತವೆ. ಪೇಜ್‌ಮೇಕರ್‌ನಲ್ಲಿ ಟೆಕ್ಸ್ಟ್ ಟೂಲ್ ಹಿಡಿದು ಬೇಕಾದ ಪಠ್ಯದ ("ಸ್ಟೋರಿ"ಯ) ಮೇಲೆ ಕ್ಲಿಕ್ ಮಾಡಿ, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಆರ್‌ಟಿಎಫ್ ತೆಗೆಯಿರಿ. ಸಾದಾ ಟೆಕ್ಸ್ಟ್ ಬೇಡ. ಆರ್‌ಟಿಎಫ್‌ನಲ್ಲಿ ಪ್ರತಿ ತುಂಡಿನ ಫಾಂಟ್ ಹೆಸರು ಉಳಿಯುತ್ತದೆ, ಆದ್ದರಿಂದ ನುಡಿ ಫಾಂಟ್ ಇರುವ ಭಾಗವನ್ನಷ್ಟೇ ಬದಲಿಸಬಹುದು. ಸಾದಾ ಟೆಕ್ಸ್ಟ್‌ನಲ್ಲಿ ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡವಾಗಿ ಕುಲಗೆಡುತ್ತವೆ.

ಬದಲಿಸುವ ಓಪನ್ ಸೋರ್ಸ್ ಟೂಲ್‌ಗಳು ಇವೆ. ಸ್ವಂತ ಸ್ಕ್ರಿಪ್ಟ್ ಬರೆಯುವವರಿಗೆ ನುಡಿಯ ಒಳಗಿನ ಕೆಲವು ಸಂಗತಿ. ಇದರಲ್ಲಿ ಅಕ್ಷರಕ್ಕೊಂದು ಸಂಖ್ಯೆ ಇಲ್ಲ, ತುಣುಕಿಗೊಂದು ಸಂಖ್ಯೆ. "ಕ" ಅಂದರೆ 80, 192. "ಯ" ಅಂದರೆ 65, 105, 192, 196, ನಾಲ್ಕು ಬೈಟ್. ಈಗ ನೋಡಿ, 65 ಒಂಟಿಯಾಗಿ ಬಂದರೆ ಅದು ಸೊನ್ನೆ, ಅಂದರೆ ಅನುಸ್ವಾರ. 196 "ಕ"ದ ನಂತರ ಬಂದರೆ "ಕು". "ವ" 170, 192. ಅದರ ನಂತರ 196 ಬಂದರೆ "ವು" ಅಲ್ಲ, "ಮ". "ವು" ಬರೆಯಲು 197. ಹಾಗಾಗಿ ಒಂದೊಂದೇ ಬೈಟ್ ಹುಡುಕಿ ಬದಲಿಸಿದರೆ "ಯ" ಎಲ್ಲ ಸೊನ್ನೆಯಾಗಿ ಒಡೆಯುತ್ತವೆ, "ಮ" ಎಲ್ಲ "ವು" ಆಗುತ್ತವೆ. ಉದ್ದದ ಸರಣಿಯನ್ನು ಮೊದಲು, ಗಿಡ್ಡದ್ದನ್ನು ಆಮೇಲೆ ಹೊಂದಿಸಬೇಕು.

ಅರ್ಕಾವೊತ್ತು 240. ಕಾಗದದ ಮೇಲೆ ಬರೆಯುವ ಹಾಗೆ ಅದು ಅಕ್ಷರದ ನಂತರ ಕೂರುತ್ತದೆ: "ಸೂರ್ಯ"ದಲ್ಲಿ "ಯ"ದ ನಾಲ್ಕು ಬೈಟ್ ಮುಗಿದ ಮೇಲೆ 240. ಯೂನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಆ ಅಕ್ಷರಕ್ಕಿಂತ ಮೊದಲು ಬರಬೇಕು, ಅದೂ ಒತ್ತು, ಗುಣಿತ ಎಲ್ಲ ಸೇರಿದ ಇಡೀ ಗುಂಪಿಗಿಂತ ಮೊದಲು. ಬರೀ ಒಂದು ಅಕ್ಷರ ಹಿಂದಕ್ಕೆ ಸರಿಸಿದರೆ ಒತ್ತಕ್ಷರ ಇರುವಲ್ಲಿ ಕೆಡುತ್ತದೆ. ದೀರ್ಘ 195 ಕೂಡ ಬೇರೆ ತುಣುಕು, ಹಿಂದಿನ ಗುಣಿತದ ಜೊತೆ ಸೇರಿಸಿ ಓದಿ. ಬೈಟ್‌ಗಳನ್ನು ಓದುವಾಗ 1252 ಅಂತಲೇ ಓದಿ, ಲ್ಯಾಟಿನ್-1 ಅಂತ ಓದಿದರೆ 128ರಿಂದ 159ರವರೆಗಿನ ಮನೆಗಳು ಕಂಟ್ರೋಲ್ ಕೋಡ್ ಆಗಿ ಎಡಿಟರ್‌ಗಳ ಕೈಯಲ್ಲಿ ಮಾಯವಾಗುತ್ತವೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಕೋಡ್ ಇದಲ್ಲ, ಅದಕ್ಕೆ ಈ ಪಟ್ಟಿ ಹಚ್ಚಬೇಡಿ.

ಸೆಕ್ಟರ್63:

ಡಾಸ್ ಫೈಲ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಅವಕ್ಕೆ ಡಾಸ್‌ಬಾಕ್ಸ್ ಹಾಕಿ ಪ್ರಯೋಜನವಿಲ್ಲ. ಜಿಸ್ಟ್ ಅಂದರೆ ಯಂತ್ರದೊಳಗೆ ಕೂತಿದ್ದ ಹಾರ್ಡ್‌ವೇರ್ ಕಾರ್ಡ್, ಲಿಪಿ ತೋರಿಸುತ್ತಿದ್ದದ್ದು ಅದು. ಡಾಸ್‌ಬಾಕ್ಸ್ ಅದನ್ನು ಅನುಕರಿಸುವುದಿಲ್ಲ, ಪರದೆಯ ಮೇಲೆ ಪೆಟ್ಟಿಗೆ, ಗೆರೆಗಳೇ ಕಾಣುವುದು. ಆದರೆ ಫೈಲಿನೊಳಗಿನ ದತ್ತಾಂಶ ಇಸ್ಕಿಯಲ್ಲಿದ್ದರೆ, ಅಂದರೆ ಭಾರತೀಯ ಲಿಪಿಗಳ ಮಾನಕ ಐಎಸ್ 13194:1991 ಪ್ರಕಾರ ಇದ್ದರೆ, ನುಡಿಗಿಂತ ಸುಲಭ. ಅಲ್ಲಿ ಅಕ್ಷರಕ್ಕೊಂದು ಸಂಖ್ಯೆ ಇದೆ, ಕ್ರಮವೂ ಉಚ್ಚಾರದ ಕ್ರಮ.

ಐಸಿಯು-ಡೆವ್‌ಟೂಲ್ಸ್ ಪ್ಯಾಕೇಜ್ ಹಾಕಿ, ಅದರಲ್ಲಿರುವ ಕೋಡ್ ಬದಲಿಸುವ ಕಮಾಂಡ್ ಯುಕಾನ್ವ್‌ಗೆ ಮೂಲ ಎಕ್ಸ್-ಐಎಸ್‌ಸಿಐಐ-ಕೆಎ, ಗುರಿ ಯುಟಿಎಫ್-8 ಕೊಡಿ. ಬಂದದ್ದು ದೇವನಾಗರಿಯಲ್ಲಿದ್ದರೆ ಗಾಬರಿ ಬೇಡ. ಇಸ್ಕಿಯಲ್ಲಿ ಎಲ್ಲ ಲಿಪಿಗೂ ಒಂದೇ ಸಂಖ್ಯೆ, ಯಾವ ಲಿಪಿ ಅಂತ ಹೇಳಲು 239ರ ನಂತರ ಇನ್ನೊಂದು ಬೈಟ್ ಬರುತ್ತದೆ, ಕನ್ನಡಕ್ಕೆ 72. ಫೈಲಿನಲ್ಲಿ 239, 66 ಇದ್ದರೆ ಅದು ದೇವನಾಗರಿ ಅಂತ ಹೇಳುತ್ತಿದೆ, 66 ತೆಗೆದು 72 ಹಾಕಿ. ಕೊನೆಯಲ್ಲಿ 26ನೇ ಬೈಟ್ ಸಾಲಾಗಿ ಇದ್ದರೆ ಅದು ಡಾಸಿನ ಫೈಲ್ ಮುಗಿದ ಗುರುತು, ಕತ್ತರಿಸಿ. ಹಳೇ ವರ್ಡ್ ಪ್ರೊಸೆಸರ್ ವರ್ಡ್‌ಸ್ಟಾರ್‌ನ ಡಾಕ್ಯುಮೆಂಟ್ ಮೋಡ್ ಫೈಲ್ ಆಗಿದ್ದರೆ ಮಾತ್ರ ಕೈಕೆಲಸ ಇದೆ: ಇಂಗ್ಲಿಷ್ ಪದದ ಕೊನೆಯಕ್ಷರದ ಎಂಟನೇ ಬಿಟ್ ಅದು ಏರಿಸುತ್ತಿತ್ತು, ಇಸ್ಕಿಯ ಕನ್ನಡವೂ ಅದೇ ಮೇಲರ್ಧದಲ್ಲಿದೆ. ಸಾರಾಸಗಟಾಗಿ ಬಿಟ್ ಇಳಿಸಿದರೆ ಕನ್ನಡ ಪೂರ್ತಿ ಹೋಗುತ್ತದೆ. ಹಿಂದಿನ ಬೈಟ್ 128ಕ್ಕಿಂತ ಕೆಳಗಿನ ಇಂಗ್ಲಿಷ್ ಅಕ್ಷರವಾಗಿದ್ದು, ಮುಂದೆ ಸ್ಪೇಸ್ ಅಥವಾ ವಿರಾಮಚಿಹ್ನೆ ಇರುವ ಕಡೆ ಮಾತ್ರ ಇಳಿಸಿ.